ಪಕ್ಕದ ಸೀಟಿನ ಬ್ರೇಕು

"ಮುಟ್ಟಿ ನೋಡು, ಬಾನೆಟ್ಟು ಬೆಚ್ಚಗಿದೆ!" ಸೋದರಮಾವ ಅಕ್ಕನ ಮಗಳ ಕೈ ಹಿಡಿದೆಳೆದು ಕೆಂಪು ಕಾರಿನ ಮೂತಿಯ ಮೇಲಿಟ್ಟ. "ನಾವು ಬರೋ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿದ್ದಾಗ ಎಬ್ಬಿಸಿದ್ರೆ ಏಳಲ್ಲ, ಕೆಮ್ಮುತ್ತೆ, ಹೊಗೆ ಉಗುಳುತ್ತೆ. ಅದು ನಮಗೆ ಗೊತ್ತಾಗಬಾರದು ಅಂತ ಈ ಉಪಾಯ. ನಡಿ ಮನೆಗೆ."

ಅವಳು ಕೈ ತೆಗೆಯಲಿಲ್ಲ. ದಿನವಿಡೀ ಆಂಬುಲೆನ್ಸ್ ಓಡಿಸುವವಳು. ಹಿಂದೆ ಯಾರೂ ನರಳದ ಗಾಡಿಯೊಂದನ್ನು ಓಡಿಸಬೇಕೆಂಬುದು ಅವಳ ಬಹುದಿನದ ಆಸೆ. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಿದ್ದ ಈ ಹಳೆಯ ಸ್ಪೋರ್ಟ್ಸ್ ಕಾರನ್ನು ಅಂಗಳದಲ್ಲಿ ಕಂಡ ಕ್ಷಣವೇ ಮನಸೋತಿದ್ದಳು. ಮಾವನೋ ಹಿಂದೊಮ್ಮೆ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಕೊಂಡು ಕೈ ಸುಟ್ಟುಕೊಂಡವನು. ಅಂದಿನಿಂದ ಬಂಧುಬಳಗದಲ್ಲಿ ಯಾರು ಹಳೇ ಗಾಡಿ ನೋಡಲು ಹೊರಟರೂ ಕರೆಯದೆಯೇ ಬಂದು ಜೊತೆಗೂಡುವ ಪಂಡಿತ.

ಜೇಬಿನಿಂದ ಮನೆಯ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ತೆಗೆದು ಕಾರಿನ ಮೈಗೆಲ್ಲ ತಾಗಿಸುತ್ತ ಹೋದ. ಎಲ್ಲಾದರೂ ಅಂಟದಿದ್ದರೆ ಅಲ್ಲಿ ಅಪಘಾತದ ಗಾಯಕ್ಕೆ ಪುಟ್ಟಿ ಮೆತ್ತಿದ್ದಾರೆಂದು ಅರ್ಥ. ಎಲ್ಲೆಡೆಯೂ ಅಂಟಿತು, ಮಾವನ ಮುಖ ಸಪ್ಪಗಾಯಿತು. ಟೈರುಗಳು ಎರಡೂ ಬದಿ ಸಮನಾಗಿ ಸವೆದಿದ್ದವು. ಮಂಡಿಯೂರಿ ಕೆಳಗೆ ಇಣುಕಿದರೆ ಒಂದು ಹನಿ ಎಣ್ಣೆಯೂ ಸೋರಿರಲಿಲ್ಲ. ಕೊನೆಗೆ ಪಕ್ಕದ ಸೀಟಿನ ಮುಂದೆ ಹಾಸಿದ್ದ ಮ್ಯಾಟು ಎತ್ತಿದವನು ಲಾಟರಿ ಹೊಡೆದಂತೆ ಕೂಗಿದ.

"ಸಿಕ್ತು! ನೋಡಿಲ್ಲಿ, ತಗಡು ಕಾಣೋ ಹಾಗೆ ಕಾರ್ಪೆಟ್ಟು ತೂತಾಗಿದೆ. ಡ್ರೈವರ್ ಸೀಟಿಗಿಂತ ಪಕ್ಕದ ಸೀಟೇ ಹೆಚ್ಚು ಕುಸಿದಿದೆ. ಇದು ಡ್ರೈವಿಂಗ್ ಸ್ಕೂಲ್ ಗಾಡಿ ಕಣಮ್ಮ! ಕಲಿಸೋರಿಗೆ ಅಂತ ಇಲ್ಲೊಂದು ಬ್ರೇಕ್ ಇತ್ತು. ಕಿತ್ತು ಹಾಕಿ ಮುಚ್ಚಿದ್ದಾರೆ."

"ಆ ಬ್ರೇಕು ನಂದೇ," ಎಂದರು, ಕೀಲಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಕಾರಿನ ಯಜಮಾನರು. ಅಂಗಡಿ ಮುಚ್ಚಿ ವರ್ಷಗಳಾದರೂ ಅಂಗಿಯ ಕಾಲರಿಗೆ ಸೂಜಿ ಸಿಕ್ಕಿಸಿಕೊಳ್ಳುವುದನ್ನು ಬಿಡದ ಮುದುಕ ದರ್ಜಿ. "ನಂಗೆ ಗಾಡಿ ಓಡಿಸೋಕೆ ಬರಲ್ಲ. ಓಡಿಸ್ತಿದ್ದದ್ದು ನನ್ನ ಹೆಂಡತಿ. ಮದುವೆ ಗಂಡಿಗೆ ನಾನು ಕೋಟು ಹೊಲಿಯೋದು, ಅವಳು ಹೊತ್ತಿಗೆ ಸರಿಯಾಗಿ ತಲುಪಿಸೋದು. ಕೊನೇ ಗುಂಡಿ ಹಚ್ತಿದ್ದದ್ದು ಈ ಸೀಟಲ್ಲೇ, ದಾರೀಲಿ. ಅವಳು ಹೋಗ್ತಿದ್ದ ಸ್ಪೀಡಿಗೆ, ತಿರುವು ಬಂದ್ರೆ ಸಾಕು, ನನ್ನ ಕಾಲು ತಾನಾಗೇ ನೆಲ ಒತ್ತೋದು. 'ಇದೇನು ನಿಮ್ಮ ಹೊಲಿಗೆ ಮಷೀನಾ?' ಅಂತ ನಗೋಳು. 'ಮೆಲ್ಲಗೆ ಕಣೇ, ಮೆಲ್ಲಗೆ' ಅಂತ ನಾನು ಬಾಯಿ ಬಡ್ಕೊಳ್ಳೋದು. ಒಂದು ದಿನಾನೂ ಕೇಳಲಿಲ್ಲ ಪುಣ್ಯಾತ್‌ಗಿತ್ತಿ. ಹೋಗುವಾಗ್ಲೂ ಅವಳದ್ದೇ ಅವಸರ."

"ಅದೆಲ್ಲ ಸರಿ, ಬಾನೆಟ್ಟು ಯಾಕೆ ಬೆಚ್ಚಗಿದೆ?" ಮಾವ ಪಟ್ಟು ಬಿಡಲಿಲ್ಲ.

ದರ್ಜಿ ಕೀಲಿಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. "ದಿನಾ ಬೆಳಿಗ್ಗೆ ನನ್ನ ಸೀಟಲ್ಲಿ ಕೂತು, ಆಚೆ ಕೈ ಚಾಚಿ ಸ್ಟಾರ್ಟ್ ಮಾಡ್ತೀನಿ. ಅವಳು ಕಲಿಸಿದ್ದು ಅಷ್ಟೇ. ಆ ಸದ್ದು ಕೇಳಿದ್ರೆ, ಇನ್ನೇನು ಹೊರಟ್ವಿ ಅನ್ಸುತ್ತೆ. ಆಮೇಲೆ ಆರಿಸಿ ಒಳಗೆ ಹೋಗ್ತೀನಿ. ಬಂದೋರೆಲ್ಲ ಬಾನೆಟ್ಟು ಮುಟ್ಟಿ ವಾಪಸ್ ಹೋದ್ರು. ಇವತ್ತೊಂದಿನ ಸುಮ್ನಿರೋಣ ಅಂದ್ಕೊಂಡೆ, ಕೈ ಕೇಳಲಿಲ್ಲ. ಮಗಳ ಮನೆ ಮೂರನೇ ಮಹಡೀಲಿ, ಗಾಡಿಗೆ ಜಾಗ ಇಲ್ಲ. ನಾಳೆ ನಾನು ಅಲ್ಲಿಗೆ ಹೊರಡಬೇಕು. ಇವತ್ತು ಯಾರೂ ತಗೊಳ್ಳದಿದ್ರೆ ಇದನ್ನ ಗುಜರಿಯೋನು ಎಳ್ಕೊಂಡು ಹೋಗ್ತಾನೆ."

"ಕಥೆ ಕೇಳಿ ಗಾಡಿ ಕೊಳ್ಳೋಕಾಗುತ್ತಾ?" ಮಾವ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಬೆಳ್ಳಗಿರೋದೆಲ್ಲ ಹಾಲಲ್ಲ."

"ಓಡಿಸಿ ನೋಡ್ತೀನಿ. ನೀನು ಇಲ್ಲೇ ನಿಂತಿರು ಮಾವ, ಇರೋದು ಎರಡೇ ಸೀಟು," ಎಂದು ಅವಳು ಕೀಲಿಗಾಗಿ ಕೈ ಚಾಚಿದಳು.

ಡ್ರೈವರ್ ಸೀಟು ಸ್ಟಿಯರಿಂಗಿಗೆ ತೀರಾ ಹತ್ತಿರವಿತ್ತು, ಓಡಿಸುತ್ತಿದ್ದವಳು ಕುಳ್ಳಗಿದ್ದಿರಬೇಕು. "ಹಿಂದಕ್ಕೆ ಸರಿಸಲಾ?" ಎಂದು ಅವಳು ಕೇಳಿದಳು. ಪಕ್ಕದ ಸೀಟಿನಲ್ಲಿ ಕುಳಿತಿದ್ದ ದರ್ಜಿ ಆ ಸೀಟಿನ ಅಂಚನ್ನು ಒಮ್ಮೆ ಸವರಿ, "ಸರಿಸಮ್ಮ, ನಿನ್ನ ಕಾಲು ಉದ್ದ," ಎಂದರು. ಸೀಟು ಹಿಂದಕ್ಕೆ ಜರುಗಿದ ಸದ್ದಿಗೆ ಅವರು ಕಿಟಕಿಯಾಚೆ ನೋಡುತ್ತ ಕುಳಿತರು.

ಕಾರು ಗೇಟು ದಾಟಿತು. ಆ ಓಣಿಯಲ್ಲಿ ಈಗ ಇಲ್ಲದ್ದೆಲ್ಲ ದರ್ಜಿಗೆ ಕಾಣುತ್ತಿತ್ತು. ಇಲ್ಲಿ ನಮ್ಮ ಅಂಗಡಿ ಇತ್ತು, ಇಲ್ಲಿ ಬ್ರೆಡ್ಡಿನವನು ಇದ್ದ, ನಮ್ಮ ಗಾಡಿ ಬಂದರೆ ಮೊದಲು ತನ್ನ ನಾಯಿಯನ್ನು ಒಳಗೆ ಎಳೆದುಕೊಳ್ಳುತ್ತಿದ್ದ ಎಂದು ನಕ್ಕರು. ಅವಳು ಕ್ಲಚ್ಚು, ಗೇರು, ಎಂಜಿನ್ನಿನ ಉಸಿರು ಎಲ್ಲವನ್ನೂ ಕಿವಿಗೊಟ್ಟು ಕೇಳುತ್ತ ಹುಷಾರಾಗಿ ಓಡಿಸಿದಳು. ಗಾಡಿ ಗಟ್ಟಿಮುಟ್ಟಾಗಿತ್ತು. ಮಾವ ಹೇಳಿದ ಒಂದೇ ಒಂದು ರೋಗವೂ ಅದಕ್ಕಿರಲಿಲ್ಲ.

"ಗುಜರಿಯವರಿಗೆ ಬರಬೇಡಿ ಅಂತ ಹೇಳಿಬಿಡಿ. ಇದು ನಂದು," ಎಂದಳು.

ದರ್ಜಿ ತಲೆಯಾಡಿಸಿದರು. ಖುಷಿಯಾಯಿತು, ಅದರ ಬೆನ್ನಿಗೇ ಇದೇ ಕೊನೆಯ ಸವಾರಿ ಎಂದೂ ಹೊಳೆಯಿತು. ಮುಂದೆ ನೀರಿನ ಟ್ಯಾಂಕಿನ ಬಳಿ ರಸ್ತೆ ಬಾಗಿ ಇಳಿಯುವುದು ಕಂಡಾಗ ಸರಿದು ಕುಳಿತರು.

"ತಪ್ಪು ತಿಳ್ಕೋಬೇಡಮ್ಮ, ನೀನು ರೋಗೀನ ಕೂರಿಸ್ಕೊಂಡ ಹಾಗೆ ಓಡಿಸ್ತಿದ್ದೀಯ. ಇದೊಂದು ತಿರುವು, ಸ್ವಲ್ಪ ಜೋರಾಗಿ ಹೋಗ್ತೀಯಾ?"

ಅವಳು ಹಿಂದೆ ಮುಂದೆ ನೋಡಿದಳು. ರಸ್ತೆ ಖಾಲಿಯಿತ್ತು. ಗೇರು ಬದಲಿಸಿ ಆಕ್ಸಿಲರೇಟರ್ ಒತ್ತಿದಳು. ಎಂಜಿನ್ನು ಗುಡುಗಿ ಕಾರು ತಿರುವಿನತ್ತ ಜಿಗಿಯಿತು. ದರ್ಜಿಯ ಬಲಗಾಲು ತಾನಾಗೇ ಮುಂದೆ ಹೋಗಿ, ಮ್ಯಾಟಿನ ಕೆಳಗಿದ್ದ ಆ ಸವೆದ ಕುಳಿಯನ್ನು ಹುಡುಕಿ, ಗಟ್ಟಿಯಾಗಿ ಒತ್ತಿತು.

"ಮೆಲ್ಲಗೆ ಕಣೇ, ಮೆಲ್ಲಗೆ!"

ಅವಳು ಮೆಲ್ಲಗೆ ಮಾಡಲಿಲ್ಲ.