ಗಿಡ್ಡ ಪ್ಲಾಟ್‌ಫಾರ್ಮು

"ಈ ಹೆಂಗಸಿಗೆ ಒಂದು ಬೋಗಿ ಮುಂದಕ್ಕೆ ಬಂದು ಕೂರೋಕೆ ಏನು ಧಾಡಿ?"

ಟಿಕೆಟ್ ಕಿಟಕಿಯ ಹಿಂದೆ ಕೂತವನು ಹೀಗೆ ಕೇಳಿದಾಗ ಕೋಣೆಯಲ್ಲಿ ಅವನೂ ಫ್ಯಾನೂ ಬಿಟ್ಟರೆ ಇನ್ಯಾರೂ ಇರಲಿಲ್ಲ. ಸಂಜೆಯ ರೈಲು ಆಗಷ್ಟೇ ಹೊರಟಿತ್ತು. ಆ ಪುಟ್ಟ ಸ್ಟೇಷನ್ನಿನ ಪ್ಲಾಟ್‌ಫಾರ್ಮು ರೈಲಿಗಿಂತ ಗಿಡ್ಡ. ಕೊನೆಯ ಬೋಗಿ ಹಿಂದೆ ಪೊದೆಗಳ ಪಕ್ಕದಲ್ಲೇ ಉಳಿಯುತ್ತದೆ, ಅದರ ಬಾಗಿಲು ಇಲ್ಲಿ ತೆರೆಯುವುದಿಲ್ಲ. ದಿನಾ ಓಡಾಡುವವರಿಗೆ ಇದು ಗೊತ್ತು. ಎಲ್ಲರೂ ಮುಂದಿನ ಬೋಗಿಗಳಲ್ಲಿ ಕೂತು ಇಳಿದು ಹೋಗುತ್ತಾರೆ. ಕೊನೆಯ ಬೋಗಿಯ ಕಿಟಕಿಯಲ್ಲಿ ಮಾತ್ರ ದಿನವೂ ಅದೇ ಮುಖ, ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಹೆಂಗಸಿನದು, ಅವನ ಕಣ್ಣ ಮುಂದೆಯೇ ಹಾದು ಮುಂದಿನ ಸ್ಟೇಷನ್ನಿಗೆ ಹೋಗಿಬಿಡುತ್ತಿತ್ತು. ಆಮೇಲೆ ಎದುರು ರೈಲು ಹಿಡಿದು ವಾಪಸು ಬಂದು, ಮೇಲ್ಸೇತುವೆ ಇಳಿದು, ಏನೂ ಆಗಿಲ್ಲವೆಂಬಂತೆ ಆಕೆ ಮನೆ ಕಡೆ ನಡೆಯುತ್ತಿದ್ದಳು.

ಅವನನ್ನು ಎಲ್ಲರೂ ಚಿಲ್ಲರೆ ಮಾವ ಎನ್ನುತ್ತಿದ್ದರು. ಟಿಕೆಟ್ ಕೇಳಿದವರನ್ನೆಲ್ಲ ಮೊದಲು ಚಿಲ್ಲರೆ ಕೇಳುವುದು ಅವನ ರೂಢಿ. ಪ್ಲಾಟ್‌ಫಾರ್ಮಿಗೆ ಸಲ್ಲಬೇಕಾದ ಬೈಗುಳವೂ ಅವನ ಪಾಲಿಗೇ ಬರುತ್ತಿತ್ತು. ಗೊತ್ತಿಲ್ಲದೆ ಕೊನೆಯ ಬೋಗಿ ಹತ್ತಿ ಮುಂದೆ ಹೋದ ಹೊಸಬರು ವಾಪಸು ಬಂದು ಅವನ ಕಿಟಕಿಗೇ ಮುಖವಿಟ್ಟು ಕೂಗಾಡುತ್ತಿದ್ದರು. ಈಚೆಗೆ ಹಸುಗೂಸನ್ನು ಎತ್ತಿಕೊಂಡ ತಾಯಿಯೊಬ್ಬಳು ಕೂಗಾಡಲೂ ಆಗದೆ ಸುಮ್ಮನೆ ಅತ್ತಿದ್ದಳು. ಅಂದಿನಿಂದ ಪ್ಲಾಟ್‌ಫಾರ್ಮು ಉದ್ದ ಮಾಡಿಸಲೇಬೇಕೆಂದು ಅವನು ಪಟ್ಟು ಹಿಡಿದಿದ್ದ. ಮೇಲಿನವರು, ದಿನಾ ಓಡಾಡುವವರಲ್ಲಿ ತೊಂದರೆಯಾದವರು ಒಬ್ಬರಾದರೂ ಸಹಿ ಹಾಕಲಿ, ನೋಡೋಣ ಅಂದಿದ್ದರು. ದಿನಾ ಓಡಾಡಿ ದಿನಾ ತೊಂದರೆಪಡುವವಳು ಆಕೆಯೊಬ್ಬಳೇ.

ಪ್ಲಾಟ್‌ಫಾರ್ಮು ಗುಡಿಸುವ ಅಕ್ಕನನ್ನು ವಿಚಾರಿಸಿದ. ನಿದ್ದೆ ಬಂದುಬಿಡುತ್ತದೇನೋ ಎಂದು ಅವನು ಅಂದರೆ, ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡ್ತಾರಾ ಎಂದಳು ಅವಳು. ಮುಂದಿನ ಸ್ಟೇಷನ್ನಲ್ಲಿ ಯಾರೋ ಕಾಯ್ತಿರಬೇಕು ಎಂದು ನಕ್ಕಳು. ಅಲ್ಲೇನಿದೆ, ಒಂದು ಬೆಂಚು, ಒಂದು ನಲ್ಲಿ ಎಂದ ಅವನು. ನಿಮಗ್ಯಾಕೆ ಊರ ಉಸಾಬರಿ ಎಂದು ಪೊರಕೆ ಕೊಡವಿ ಮುಂದೆ ಹೋದವಳು ಅಲ್ಲಿಂದಲೇ ತಿರುಗಿ, "ಗೊತ್ತಾದ್ರೆ ನನಗೂ ಹೇಳಿ," ಎಂದಳು.

ತನ್ನ ರಜೆಯ ದಿನ ಅವನು ಮೊದಲೇ ಹೋಗಿ ಮುಂದಿನ ಸ್ಟೇಷನ್ನಿನ ವೇಳಾಪಟ್ಟಿಯ ಹಲಗೆಯ ಹಿಂದೆ ನಿಂತ. ಸಹಿಯ ಕಾಗದ ಜೇಬಿನಲ್ಲಿತ್ತು. ರೈಲಿನಿಂದ ಇಳಿದವಳು ಆಕೆಯೊಬ್ಬಳೇ. ಬೆರಳ ಸಂದಿಯ ಗಾಜಿನ ಪುಡಿ ಹೋಗುವ ತನಕ ನಲ್ಲಿಯಲ್ಲಿ ಕೈ ತೊಳೆದಳು. ಬೆಂಚಿನ ಮೇಲೆ ಕೂತು, ಚೀಲವನ್ನು ತೊಡೆಯ ಮೇಲಿಟ್ಟು, ಕಣ್ಣು ಮುಚ್ಚಿದಳು. ಯಾರೂ ಬರಲಿಲ್ಲ. ತುಟಿ ಅಲುಗಿತು. ರೈಲಿನ ಸದ್ದು ಪೂರ್ತಿ ಅಡಗಿದ ಮೇಲೆ ಕೇಳಿಸಿತು: ಪದ್ಯ. ಹಳೆಯ ಯಾವುದೋ ಕಥೆಯದು. ಸಾಲು ಸಾಲಿನ ಕೈ ಹಿಡಿದು ಬರುತ್ತಿತ್ತು. ಒಂದು ಕಡೆ ತಡೆಯಿತು. ಆಕೆ ಹಿಂದಿನ ಸಾಲುಗಳಿಗೆ ಹೋಗಿ ಮತ್ತೆ ಹೇಳಿಕೊಂಡು ಬಂದಳು, ಮತ್ತೆ ಅಲ್ಲೇ ತಡೆಯಿತು. ಚೀಲದ ಮೇಲೆ ಬೆರಳು ಬಡಿಯುತ್ತ ಇನ್ನೊಮ್ಮೆ ಬಂದಾಗ ತಪ್ಪಿಹೋಗಿದ್ದ ಸಾಲು ತಾನಾಗಿ ಬಾಯಿಗೆ ಬಂತು. ಹಲಗೆಯ ಹಿಂದೆ ಅವನು ಅಷ್ಟು ಹೊತ್ತು ಬಿಗಿಹಿಡಿದಿದ್ದ ಉಸಿರು ಸದ್ದಾಗಿ ಹೊರಬಿತ್ತು.

ಆಕೆ ಕಣ್ಣು ತೆರೆದಳು. ಅವನು ಕಳ್ಳನ ಹಾಗೆ ಈಚೆ ಬಂದ.

"ಓ, ಚಿಲ್ಲರೆ ಮಾವನಾ," ಎಂದಳು. ಮುಖ ಕೆಂಪಾಗಿತ್ತು.

ಅವನು ಇದ್ದದ್ದು ಇದ್ದ ಹಾಗೆ ಹೇಳಿದ. ಆಕೆಯೂ ಮುಚ್ಚಿಡಲಿಲ್ಲ. ಅಜ್ಜ ಚಿಕ್ಕಂದಿನಲ್ಲಿ ಬಾಯಿಪಾಠ ಮಾಡಿಸಿದ ಪದ್ಯಗಳು. ದಿನಾ ಹೇಳಿಕೊಳ್ಳದಿದ್ದರೆ ಜಾರಿಹೋಗುತ್ತವೆ. ಆಗಲೇ ಎಷ್ಟೋ ಹೋಗಿವೆ. ಅಂಗಡಿಯಲ್ಲಿ ಉಜ್ಜುವ ಯಂತ್ರದ ಗದ್ದಲ. ಇನ್ನು ಮನೆ. "ಮನೇಲಿ ಯಾರೂ ಕೆಟ್ಟೋರಲ್ಲ. ಹೇಳು, ನಾವೂ ಕೇಳ್ತೀವಿ ಅಂತಾನೇ ಕೂರ್ತಾರೆ. ಎರಡು ಸಾಲು ಆಗೋದ್ರೊಳಗೆ ಟವೆಲ್ ಎಲ್ಲಿ ಅಂತಾರೆ."

"ಲೇಟಾಗಿದ್ದಕ್ಕೆ ಏನೂ ಕೇಳಲ್ವಾ?"

"ಮುಂದಿನ ಬೋಗೀಲಿ ಕಾಲಿಡೋಕೆ ಜಾಗ ಇರಲ್ಲ, ಪ್ಲಾಟ್‌ಫಾರ್ಮು ನೋಡಿದ್ರೆ ಗಿಡ್ಡ ಅಂದಿದ್ದೀನಿ. ನಮ್ಮ ಯಜಮಾನ್ರು ದಿನಾ ರೈಲಿನೋರಿಗೆ ಶಾಪ ಹಾಕ್ತಾರೆ, ಪಾಪ."

ಅವನಿಗೆ ನಗು ಬಂತು. ಆಮೇಲೆ ಜೇಬಿನ ಕಾಗದ ನೆನಪಾಗಿ ನಗು ನಿಂತಿತು. ತೆಗೆದು ಆಕೆಗೆ ಕೊಟ್ಟ. ಆಕೆ ಕೊನೆಯ ತನಕ ಓದಿದಳು. ಹಸುಗೂಸಿನ ತಾಯಿಯ ವಿಷಯವೂ ಅದರಲ್ಲಿ ಬರೆದಿತ್ತು. ಅಲ್ಲಿ ಆಕೆಯ ಕಣ್ಣು ಸ್ವಲ್ಪ ಹೊತ್ತು ನಿಂತಿತು. ಪ್ಲಾಟ್‌ಫಾರ್ಮು ಉದ್ದವಾದರೆ ಮನೆಯಲ್ಲಿ ಹೇಳಲು ಆಕೆಗೆ ನೆಪ ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಎದುರು ರೈಲಿನ ದೀಪ ತಿರುವಿನಲ್ಲಿ ಕಂಡಿತು. ಅವನು ಕಾಗದವನ್ನು ಆಕೆಯ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು ಮಡಚಿದ.

"ಇದನ್ನ ಇಲ್ಲಿಗೇ ಬಿಟ್ಟುಬಿಡ್ತೀನಿ ಕಣಮ್ಮ. ನಂದೂ ಒಂದು ಮಾತು ನಡೆಸಿಕೊಡಿ. ನನ್ನ ರಜೆ ದಿನ ಮಾತ್ರ, ಬೆಂಚಿನ ಆ ತುದೀಲಿ ಕೂತ್ಕೊಳ್ಳಾ? ತುಟಿ ಪಿಟಕ್ ಅನ್ನಲ್ಲ. ಸುಮ್ನೆ ಕೇಳ್ತೀನಿ, ಅಷ್ಟೆ."

ಆಕೆ ಎದ್ದು ಚೀಲವನ್ನು ಹೆಗಲಿಗೇರಿಸಿದಳು. ರೈಲು ಬಂದು ನಿಂತಿತು, ಬಾಗಿಲುಗಳು ತೆರೆದವು. ಆಕೆ ಅವನ ಮುಂದೆ ಕೈ ಚಾಚಿದಳು.

"ಪೆನ್ನು ಕೊಡಿ ಮಾವ, ಸಹಿ ಹಾಕ್ತೀನಿ. ನೀವು ಬರೋದು ಮಾತ್ರ ಬೇಡ."