ಮೆಂತ್ಯದ ಡಬ್ಬಿ

ಬೆಳಗಾದರೆ ಗಂಡ ನಡುಮನೆಯಲ್ಲಿ ಚಾಪೆ ಹಾಸಿ, ತನ್ನ ತಾಯಿಯ ಕಣ್ಣೆದುರೇ ಕಾಲು ಮೇಲೆತ್ತಿ ಸರ್ವಾಂಗಾಸನ ಹಾಕುತ್ತಿದ್ದ. ಆಮೇಲೆ ಅರ್ಧ ಗಂಟೆ ಧ್ಯಾನ. ವೀರ್ಯಾಣು ಕಡಿಮೆ ಎಂದು ಡಾಕ್ಟರು ಹೇಳಿದ್ದಾರಂತೆ. ಬಿಸಿನೀರಿನ ಸ್ನಾನವನ್ನೂ ಬಿಟ್ಟುಬಿಟ್ಟಿದ್ದ.

ಅಡುಗೆಮನೆಯಿಂದ ಹೆಂಡತಿ ಇದನ್ನೆಲ್ಲ ನೋಡುತ್ತಿದ್ದಳು. ಅಕ್ಕ ಹೆರಿಗೆಯಲ್ಲಿ ತೀರಿಕೊಂಡದ್ದನ್ನು ಕಣ್ಣಾರೆ ಕಂಡವಳು ಅವಳು. ಎರಡು ವರ್ಷದಿಂದ ಗರ್ಭನಿರೋಧಕ ಮಾತ್ರೆಗಳನ್ನು ಮೆಂತ್ಯದ ಡಬ್ಬಿಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದಳು. ಅವೂ ನಿನ್ನೆ ಬೆಳಗ್ಗೆ ಮುಗಿದಿದ್ದವು.

ಮೊದಲೆಲ್ಲ ಬಂಜೆಯೆಂದು ಚುಚ್ಚುತ್ತಿದ್ದ ಅತ್ತೆ, ಈಗ ದೇವಸ್ಥಾನಕ್ಕೆ ಹೊರಟವರು ಬಾಗಿಲಲ್ಲಿ ನಿಂತು, "ನನ್ನ ಮಗನಲ್ಲೇ ಕೊರತೆ ಇರೋವಾಗ ನಿನ್ನನ್ನ ಏನಂತ ಅನ್ನಲಮ್ಮ," ಎಂದು ನಿಟ್ಟುಸಿರಿಟ್ಟರು.

ಅವಳಿಗೆ ತಡೆಯಲಾಗಲಿಲ್ಲ. ಅತ್ತೆ ಗೇಟು ದಾಟಿದ್ದೇ ಬಂದು ಚಾಪೆಯ ಪಕ್ಕ ಕುಸಿದು ಕೂತಳು.

"ರೀ, ಇದನ್ನೆಲ್ಲ ನಿಲ್ಲಿಸಿಬಿಡಿ. ನಿಮ್ಮಲ್ಲಿ ಯಾವ ದೋಷಾನೂ ಇಲ್ಲ. ನಾನೇ..."

ಧ್ಯಾನಕ್ಕೆ ಕೂತಿದ್ದವನು ಒಂದು ಕಣ್ಣು ತೆರೆದ.

"ಅಮ್ಮ ಹೋದ್ಲಾ?"

"ಹೋದ್ರು."

ಅವನು ಕಾಲು ಸಡಿಲಿಸಿ ಚಾಪೆ ಸುತ್ತತೊಡಗಿದ.

"ಮೆಂತ್ಯದ ಡಬ್ಬೀಲಿ ಮಾತ್ರೆ ಮುಗಿದಿತ್ತು ಕಣೇ, ನಿನ್ನೆ ಸಂಜೆ ತಂದಿಟ್ಟಿದ್ದೀನಿ."