ಫೋಟೋದಲ್ಲಿದ್ದ ಹುಬ್ಬು

ಕೋಲ್ಡ್ ಕ್ರೀಮಿನ ಡಬ್ಬಿ ತೆರೆದರೆ ಈಗಲೂ ನನಗೆ ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ಅಜ್ಜಿಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಚಿಕ್ಕಮ್ಮನಿಗೆ ಆಗಲೇ ಎರಡು ಸಂಬಂಧ ತಪ್ಪಿಹೋಗಿದ್ದವು. ಮೂರನೆಯವರಿಗೆ ಕಳಿಸುವ ಫೋಟೋಗೆಂದು ಅವಳು ರದ್ದಿ ಅಂಗಡಿಯ ಇಂಗ್ಲಿಷ್ ಪತ್ರಿಕೆಯಲ್ಲಿದ್ದ ಹಳೇ ಹಾಲಿವುಡ್ ನಟಿಯ ಹಾಗೆ ಸಿಂಗರಿಸಿಕೊಂಡಿದ್ದಳು. ತಾತನ ಬ್ಲೇಡಿನಿಂದ ಹುಬ್ಬು ಪೂರ್ತಿ ಬೋಳಿಸಿ, ಪೆನ್ಸಿಲ್ಲಿನಲ್ಲಿ ದಾರದೆಳೆಯಂಥ ಕಮಾನು ಬರೆದಿದ್ದಳು. ಒದ್ದೆ ಸ್ಪಂಜಿನಲ್ಲಿ ಪ್ಯಾನ್‌ಕೇಕ್ ಎಂಬ ಮುಖದ ಬಣ್ಣ ಸವರಿ, ರೆಪ್ಪೆ ಮಿನುಗಲೆಂದು ಹರಳೆಣ್ಣೆ ಹಚ್ಚಿದ್ದಳು.

ಫೋಟೋ ಮೆಚ್ಚಿದ ಆಯನೂರಿನವರು ಹೆಣ್ಣು ನೋಡಲು ಬರುವ ಆ ಮಧ್ಯಾಹ್ನವೂ ಅದೇ ಅಲಂಕಾರ. ಕನ್ನಡಿ ಹಿಡಿದಿದ್ದವಳು ನಾನು.

"ಹೆಂಗಿದೀನೇ?"

"ಬೇರೆ ಯಾರೋ ಥರ ಇದೀಯ ಚಿಕ್ಕಮ್ಮ."

ಅವಳು ಖುಷಿಯಿಂದ ನಕ್ಕಳು.

ಅಷ್ಟರಲ್ಲಿ ಅಜ್ಜಿ ಬಂದರು. "ಅಯ್ಯೋ ಮಾರಾಯ್ತಿ, ನಾಟಕಕ್ಕೆ ಹೊರಟಿದೀಯಾ? ಮೊದಲು ಒರೆಸ್ಕೋ!"

ನಾನೇ ಕೋಲ್ಡ್ ಕ್ರೀಮು ಹಚ್ಚಿ ಒರೆಸಿದೆ. ಬಣ್ಣದ ಜೊತೆಗೆ ಕಮಾನುಗಳೂ ಬಟ್ಟೆಗೆ ಬಂದವು. ಅವಳ ಹುಬ್ಬು ಇನ್ನೂ ಚಿಗುರಿರಲಿಲ್ಲ. ಮತ್ತೆ ಬರೆಯುವಷ್ಟರಲ್ಲಿ ಆಯನೂರಿನವರು ಬಂದೇಬಿಟ್ಟರು.

ಚಿಕ್ಕಮ್ಮ ಕಾಫಿ ತಟ್ಟೆ ಹಿಡಿದು ಪಡಸಾಲೆಗೆ ಹೋದಳು. ಗಂಡಿನ ತಾಯಿ ಅವಳನ್ನು ದಾಟಿ ಒಳಮನೆಯ ಕಡೆ ನೋಡುತ್ತ, "ಫೋಟೋದಲ್ಲಿದ್ದ ಹುಡುಗೀನ ಕರೀರಿ, ನೋಡ್ಕೊಂಡು ಹೊರಡ್ತೀವಿ" ಎಂದರು.

ಅಜ್ಜಿ ತಲೆ ತಗ್ಗಿಸಿದರು. ಚಿಕ್ಕಮ್ಮ ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿ, "ಕಾಫಿ ತಗೊಳ್ಳಿ, ಆರೋಗತ್ತೆ" ಎಂದಳು.